ನಾಲ್ಕು ದಿನದ ಹಾಗಲಕಾಯಿ

ಗಿರಿನಗರ, ಬೆಂಗಳೂರು
9 ಜುಲೈ 2025, ಬುಧವಾರ

ಪ್ರೀತಿಯ ಅಮ್ಮ,

ನಿನ್ನ ಅಂಜನಾಳ ನಮಸ್ಕಾರ. ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಎಲ್ಲರೂ ಓಡಾಡಿಕೊಂಡಿದ್ದೇವೆ. ಇದನ್ನು ಹೋದ ತಿಂಗಳೇ ಬರೆಯಬೇಕಿತ್ತು. ಶುರು ಮಾಡುವುದು, ಸುರಭಿ ಎದ್ದಳು ಎಂಬ ನೆಪ ಮಾಡಿ ಹರಿದು ಹಾಕುವುದು, ಹೀಗೇ ಆಯಿತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ ಈ ಮನೆಯಲ್ಲಿ ನಿನ್ನ ಫೋನು ಬಂದ ಕೂಡಲೇ ಸ್ಪೀಕರಿಗೆ ಹೋಗುತ್ತದೆ. ಅತ್ತೆ “ಬೀಗ್ರೇ, ಊಟ ಆಯ್ತಾ” ಅನ್ನುತ್ತಾರೆ, ಮಾವ ತಿಪಟೂರಿನಲ್ಲಿ ಮಳೆ ಬಂತಾ ಎಂದು ಕೇಳುತ್ತಾರೆ, ಸುರಭಿ ಫೋನನ್ನೇ ನೆಕ್ಕುತ್ತಾಳೆ. ನನ್ನ ಮಾತಿಗೆ ಜಾಗವೇ ಉಳಿಯುವುದಿಲ್ಲ. ಅಲ್ಲಿ ಶಶಿಕಾಂತಣ್ಣನ ಮನೆಯದೂ ಅದೇ ಕಥೆ. ಅದಕ್ಕೇ ಕಾಗದ. ಕನ್ನಡಕ ಹಾಕಿಕೊಂಡು ಒಬ್ಬಳೇ ಕೂತು ಓದು. ಅಣ್ಣನ ಕೈಯಲ್ಲಿ ಓದಿಸಬೇಡ.

ಮೊದಲು ನಿನ್ನ ಮೊಮ್ಮಗಳ ಸುದ್ದಿ. ಮುಂದಿನ ತಿಂಗಳು ಎರಡು ತುಂಬುತ್ತದೆ. “ಕಾಗೆ” ಅನ್ನುವುದನ್ನು ಕಲಿತು ಈಗ ಪಾರಿವಾಳವೂ ಕಾಗೆ, ಎದುರು ಮನೆಯ ಅಜ್ಜನೂ ಕಾಗೆ. ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಎಂದು ನನಗೆ ನಾನೇ ದಿನಾ ಹೇಳಿಕೊಳ್ಳಬೇಕಾಗಿದೆ. ಹೋದ ವಾರ ಒಂದು ದಿನ ಮೇಲಿಂದ ಮೇಲೆ ನೀರು ಕೇಳಿದಳು. ಬೆಳಗಿನ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು, ಅಷ್ಟೇ. ಆದರೆ ಇವಳಿಗೂ ಸಕ್ಕರೆಯೇನೋ ಎಂದು ನಾನು ಇಡೀ ದಿನ ಅವಳ ಡೈಪರ್ ಕೈಯಲ್ಲಿ ಹಿಡಿದು ಭಾರ ನೋಡುತ್ತಾ ಕೂತೆ. ಸಂಜೆ ಆಫೀಸಿನಿಂದ ಬಂದ ಸೋಮನಾಥ್ ಅದನ್ನು ನೋಡಿ, “ಅಂಜು, ಅದು ಉಚ್ಚೆ. ಎಲ್ಲಾ ಮಕ್ಳೂ ಹುಯ್ತವೆ” ಅಂದರು. ನಕ್ಕೆ. ಆಮೇಲೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಅಂಗಡಿ ಮುನಿಯಣ್ಣನಿಗೂ ನನ್ನ ಹುಚ್ಚು ಗೊತ್ತಾಗಿಹೋಗಿದೆ. ಬಿಸ್ಕತ್ತಿನ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದುತ್ತಾ ನಿಂತಿದ್ದರೆ, “ಏನ್ ಮೇಡಂ, ಬಿಸ್ಕತ್ ತಗೊಳಕ್ ಬಂದ್ರೋ, ಓದ್ಕೊಂಡು ಹೋಗಕ್ ಬಂದ್ರೋ?” ಎನ್ನುತ್ತಾನೆ. ಸುರಭಿಗೆ ಬೇರೆ ಬಟ್ಟಲು, ಬೇರೆ ಅಡುಗೆ. ನನ್ನ ತಟ್ಟೆಗೆ ಕೈ ಹಾಕಲು ಬಂದರೆ ತಟ್ಟೆಯನ್ನೇ ಎತ್ತಿ ಹಿಡಿಯುತ್ತೇನೆ. “ಎಂಥಾ ತಾಯಿ ಕಣವ್ವ ನೀನು, ಕೂಸಿಗೆ ನಿನ್ ತಟ್ಟೇಲಿ ಒಂದು ತುತ್ತು ಕೊಡಲ್ಲ” ಎಂದು ಅತ್ತೆ ತಮಾಷೆ ಮಾಡುತ್ತಾರೆ. ತಮಾಷೆಗೇ ಅನ್ನುವುದು, ನನಗೆ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಎರಡನೆಯ ಮಗುವಿನ ಮಾತು ಎದ್ದಿದೆ. ನನಗೂ ಆಸೆ ಇಲ್ಲವೆಂದಲ್ಲ. ಆದರೆ ಸುರಭಿ ಹೊಟ್ಟೆಯಲ್ಲಿದ್ದಾಗ ನನಗೆ ಸಕ್ಕರೆ ಕಾಣಿಸಿಕೊಂಡದ್ದು, ಹುಟ್ಟಿದ ಕೂಡಲೇ ಅವಳ ಮೈಯಲ್ಲಿ ಸಕ್ಕರೆ ಇಳಿದುಹೋಗಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದು ನೀನೇ ಕಣ್ಣಾರೆ ನೋಡಿದ್ದೀಯ. ಹೆರಿಗೆಯಾದ ಮೇಲೆ ನನ್ನದು ತಾನಾಗಿಯೇ ಸರಿಹೋಯಿತು. ಮತ್ತೆ ಬರಬಹುದು, ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಭಯಕ್ಕೆ ನಾನು ಆ ಕಡೆ ತಲೆಯೇ ಹಾಕಿರಲಿಲ್ಲ. ಮತ್ತೆ ಬಂದಿದೆಯೋ ಇಲ್ಲವೋ, ಇನ್ನೊಂದು ಮಗುವನ್ನೂ ಗಾಜಿನ ಪೆಟ್ಟಿಗೆಯಲ್ಲಿ ನೋಡಬೇಕಾಗುತ್ತದೋ ಏನೋ, ಇದೇ ಈಗ ನನ್ನ ತಲೆಯಲ್ಲಿರುವುದು.

“ಟೆಸ್ಟ್ ಮಾಡ್ಸಣ, ಆದ್ರೆ ಹಂಗೇ ಹೋಗ್ಬಾರ್ದು, ತಯಾರಾಗ್ಬೇಕು” ಎಂದರು ಅತ್ತೆ. ಇದು ಈ ಮನೆಯ ಪದ್ಧತಿ. ಮಾವ ಸಕ್ಕರೆ ಪರೀಕ್ಷೆಗೆ ಹೋಗುವ ನಾಲ್ಕು ದಿನ ಮೊದಲಿನಿಂದ ಅನ್ನ ಬಂದ್, ಕಾಫಿಗೆ ಸಕ್ಕರೆ ಬಂದ್, ಬೆಳಿಗ್ಗೆ ಎದ್ದು ಹಾಗಲಕಾಯಿ ರಸ, ರಾತ್ರಿ ಕೋಳಿಮೊಟ್ಟೆಯಷ್ಟು ಮುದ್ದೆ. ರಕ್ತ ಕೊಟ್ಟು ಲ್ಯಾಬಿನಿಂದ ಇಳಿದವರು ನೇರವಾಗಿ ಎದುರಿನ ದರ್ಶಿನಿಗೆ ಹೋಗಿ ಚೌಚೌ ಬಾತ್ ತಿಂದು, ಸಂಜೆ ರಿಪೋರ್ಟ್ ನೋಡಿ “ಪಾಸ್” ಅನ್ನುತ್ತಾರೆ. ಪಾರ್ಕಿನಲ್ಲಿ ಅತ್ತೆಯ ಜೊತೆ ವಾಕ್ ಮಾಡುವ ನಾರಾಯಣಮ್ಮನವರ ಮನೆಯಲ್ಲೂ ಹೀಗೆಯೇ. ಅವರು ತಮ್ಮ ಹಿತ್ತಲಿನ ಹಾಗಲಕಾಯಿಯನ್ನೇ ಚೀಲದಲ್ಲಿ ತಂದುಕೊಟ್ಟು, “ನಮ್ ಮನೆಯವ್ರು ಇದ್ರಲ್ಲೇ ಆರು ವರ್ಷದಿಂದ ಪಾಸಾಗವ್ರೆ, ತಗೋ” ಎಂದರು.

ನಾನು ಬಿ.ಎಸ್ಸಿ. ಓದಿದವಳು. ಇದು ಸರಿಯಲ್ಲ ಎಂದು ಗೊತ್ತಿತ್ತು. ಆದರೂ ಕುಡಿದೆ ಅಮ್ಮ. ಒಳ್ಳೆಯ ನಂಬರ್ ಬರಲಿ ಎಂಬ ಆಸೆ ಅಷ್ಟಿತ್ತು. ಮಾವನೂ ಜೊತೆಗೆ ಬಂದರು. ಇಬ್ಬರೂ ಪಾಸಾದೆವು. ಅತ್ತೆ ಶ್ಯಾವಿಗೆ ಪಾಯಸ ಮಾಡಿ ನಾರಾಯಣಮ್ಮನವರ ಮನೆಗೂ ಡಬ್ಬಿಯಲ್ಲಿ ಕಳಿಸಿದರು. ಆಗಲೇ ನಿನ್ನ ಫೋನು ಬಂದದ್ದು. ಸುದ್ದಿ ಕೇಳಿ ನೀನು, “ನೋಡಿದ್ಯಾ, ಬಾಯಿ ಕಟ್ಟಿದ್ರೆ ಎಲ್ಲಾ ಸರಿಹೋಗುತ್ತೆ. ಆವಾಗ್ಲೇ ಕಟ್ಟಿದ್ದಿದ್ರೆ…” ಎಂದು ಅಲ್ಲಿಗೇ ನಿಲ್ಲಿಸಿದೆ. ಅತ್ತೆ “ಹೂಂ ಮತ್ತೆ” ಅಂದರು. ನಾನು ಪಾಯಸದ ಬಟ್ಟಲು ಹಿಡಿದು ನಿಂತಿದ್ದೆ. ಆಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಮಾರನೆಯ ವಾರ ತರಕಾರಿಗೆಂದು ಹೇಳಿ ಬನಶಂಕರಿಗೆ ಹೋದವಳು, ಅಲ್ಲೊಬ್ಬರು ಡಾಕ್ಟರಮ್ಮ ಇದ್ದಾರೆ, ಅವರ ಕ್ಲಿನಿಕ್ಕಿಗೆ ಹೊಕ್ಕೆ. ರಿಪೋರ್ಟನ್ನು ಒಂದು ಸಲ ನೋಡಿ, ನನ್ನನ್ನು ಒಂದು ಸಲ ನೋಡಿ, “ಟೆಸ್ಟಿಗೆ ಮುಂಚೆ ಏನ್ ತಿಂತಿದ್ರಿ?” ಅಂದರು. ಹೇಳಿದೆ. ಹಾಗಲಕಾಯಿಯ ಹೆಸರು ಬಂದದ್ದೇ ಪೆನ್ನು ಕೆಳಗಿಟ್ಟು ನಕ್ಕರು.

“ಈ ಕಡೆ ಅರ್ಧ ಜನ ಹೀಗೇ ಕಣ್ರೀ. ನೆಂಟ್ರು ಬರ್ತಾರೆ ಅಂತ ಹಾಲ್ ಮಾತ್ರ ಗುಡಿಸಿ, ಕಸಾನೆಲ್ಲ ರೂಮಿಗೆ ತುಂಬಿ ಬಾಗಿಲು ಹಾಕ್ತೀವಲ್ಲ, ಹಾಗೆ. ನೀವು ತೋರಿಸ್ತಿರೋದು ಹಾಲ್. ನಂಗೆ ರೂಮ್ ನೋಡ್ಬೇಕು.”

ಇನ್ನೊಂದು ಪರೀಕ್ಷೆ ಇದೆಯಂತೆ ಅಮ್ಮ. ಅದು ಹಿಂದಿನ ಎರಡು-ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಎಂದು ಹೇಳುತ್ತದೆ. ಖಾಲಿ ಹೊಟ್ಟೆಯೂ ಬೇಡ. “ದೋಸೆ ತಿಂದೇ ಬನ್ನಿ, ಅದು ನಾಲ್ಕು ದಿನದ ನಾಟಕಕ್ಕೆ ಬಗ್ಗಲ್ಲ” ಅಂದರು. ಮಾಡಿಸಿದೆ. ಗೆರೆಯ ಮೇಲಿದ್ದೇನೆ. ಮಾಮೂಲಿಗಿಂತ ಮೇಲೆ, ಕಾಯಿಲೆಗಿಂತ ಕೆಳಗೆ. ಡಾಕ್ಟರಮ್ಮ, “ಕಾಯಿಲೆ ಬಾಗಿಲ ಹತ್ರ ಬಂದು ಚಪ್ಪಲಿ ಬಿಡ್ತಾ ಇದೆ, ಅಷ್ಟೇ. ಒಳಗೆ ಬಂದು ಕೂತ್ರೆ ಎಬ್ಸೋದು ಕಷ್ಟ. ಈಗ್ಲೇ ವಾಪಸ್ ಕಳಿಸ್ಬೋದು” ಎಂದರು. ಅವರಿಗೆ ಎಲ್ಲದಕ್ಕೂ ಮನೆಯದೇ ಹೋಲಿಕೆ.

ಹೇಳಿದ್ದೇನೂ ದೊಡ್ಡದಲ್ಲ. ಅನ್ನ ಬಿಡಬೇಕಾಗಿಲ್ಲ, ಅನ್ನ ಇರುವ ಜಾಗಕ್ಕೆ ಪಲ್ಯ, ಪಲ್ಯ ಇರುವ ಜಾಗಕ್ಕೆ ಅನ್ನ ಹೋಗಬೇಕು. ಬೇಳೆಕಾಳು ದಿನಾ. ಊಟವಾದ ಮೇಲೆ ಕೂರದೆ ಸ್ವಲ್ಪ ನಡೆಯಬೇಕು. ಮೈಯ ತೂಕ ಇನ್ನಷ್ಟು ಇಳಿಯಬೇಕು. “ನಿದ್ದೆ?” ಅಂದರು. ಮಗು ಇದೆಯಲ್ಲ ಅಂದೆ. “ಮಗು ಮಲಗಿದ್ಮೇಲೆ?” ಅಂದರು. ನಾನು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದೆ. ಇನ್ನೊಂದು ಮಗು ಬೇಕಿದ್ದರೆ ಮಾಡಿಕೊಳ್ಳಿ, ಮೊದಲು ಇದನ್ನು ಇಳಿಸಿ, ಶುರುವಿನಿಂದಲೇ ನನ್ನ ಹತ್ತಿರ ಬನ್ನಿ ಎಂದರು.

ಏಳುವ ಮೊದಲು ಕೇಳಿಯೇಬಿಟ್ಟೆ. “ಆವಾಗ ನಾನು ತಿಂದಿದ್ರಿಂದ್ಲೇ ಬಂತಾ ಡಾಕ್ಟ್ರೇ?”

“ಅಲ್ಲ. ಬಸುರಲ್ಲಿ ಮೈಯೇ ಹಾಗೆ ತಿರುಗುತ್ತೆ, ಮನೆತನದಲ್ಲಿ ಇದ್ರೆ ಇನ್ನೂ ಬೇಗ. ನೀವು ಆಸ್ಪತ್ರೇಲಿ ಹೇಳಿದ ಹಾಗೇ ಊಟ ಮಾಡಿ, ಇನ್ಸುಲಿನ್ನೂ ಚುಚ್ಕೊಂಡಿದೀರಿ. ಇನ್ನೇನ್ ಮಾಡ್ಬೇಕಿತ್ತು?”

ಮತ್ತೆ ಅದನ್ನೇ ಕೇಳಿದೆ. ಮತ್ತೆ ಹೇಳಿದರು. ಇನ್ನೊಂದು ಸಲ ಕೇಳಿದಾಗ ಕನ್ನಡಕ ತೆಗೆದು, “ಯಾರು ಹಾಗಂದ್ರು ನಿಮ್ಗೆ?” ಎಂದರು. ಯಾರೂ ಇಲ್ಲ ಅಂದೆ.

ಮನೆಯಲ್ಲಿ ಹೇಳಿದಾಗ ಅತ್ತೆಯ ಮುಖ ಸಣ್ಣದಾಯಿತು. “ಪಾಸಾಗಿದ್ದೋಳು ಮತ್ತೆ ಹೋಗಿ ಫೇಲಾಗಿ ಬಂದ್ಯಲ್ಲ ತಾಯಿ. ನಾರಾಯಣಮ್ಮಂಗೆ ಏನಂತ ಹೇಳ್ಲಿ?” ಎಂದರು. ಪಾಯಸದ ಡಬ್ಬಿ ಇನ್ನೂ ವಾಪಸ್ಸು ಬಂದಿರಲಿಲ್ಲ. ಸೋಮನಾಥ್ ಮಾತ್ರ ತಮ್ಮ ಅಪ್ಪನ ಕಡೆ ತಿರುಗಿ, “ಅಪ್ಪಾ, ನೀವೂ ಒಂದ್ಸಲ ದೋಸೆ ತಿಂದು ಹೋಗ್ಬನ್ನಿ” ಅಂದರು. ಮಾವ ಪೇಪರಿನ ಪುಟ ತಿರುಗಿಸಿದರು. ಹೇಗೋ ಒಪ್ಪಿಸಿ ಕರೆದುಕೊಂಡು ಹೋದೆವು. ಅವರದು ಬಾಗಿಲಲ್ಲಿ ಚಪ್ಪಲಿ ಬಿಡುವುದಲ್ಲ ಅಮ್ಮ, ಒಳಗೆ ಬಂದು ಹಾಸಿಗೆ ಹಾಸಿ ಮಲಗಿದೆ. ಎಷ್ಟು ವರ್ಷದಿಂದಲೋ ಯಾರಿಗೆ ಗೊತ್ತು. ಈಗ ಮಾತ್ರೆ ಶುರುವಾಗಿದೆ. ಕಣ್ಣು, ಕಿಡ್ನಿ ಎಲ್ಲ ನೋಡಿಸಬೇಕು ಎಂದಿದ್ದಾರೆ. “ಹೇಳದೆ ಕೇಳದೆ ಹಳೇ ಪಾಠದಲ್ಲಿ ಪ್ರಶ್ನೆ ಕೇಳಿದ್ರೆ ಯಾರ್ ಪಾಸಾಗ್ತಾರೆ?” ಎಂದು ಎರಡು ದಿನ ಗೊಣಗಿದರು. ಮೂರನೆಯ ದಿನ ಚೌಚೌ ಬಾತಿನ ಮಾತೇ ಎತ್ತಲಿಲ್ಲ. ಹಾಗೆ ಸುಮ್ಮನಾದದ್ದನ್ನು ನೋಡಿ ನನಗೆ ಇನ್ನೂ ಕಷ್ಟವಾಯಿತು.

ಅತ್ತೆ ಮಾತ್ರ ಬದಲಾಗಿದ್ದಾರೆ. ಒಂದು ದಿನ ಎಲ್ಲರ ತಟ್ಟೆಗೆ ಮೊದಲು ಹುರುಳಿಕಾಯಿ ಪಲ್ಯ, ಹೆಸರುಕಾಳು ಉಸಲಿ ಬಡಿಸಿ, ಅನ್ನದ ಪಾತ್ರೆಯನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದರು. ಬೇಕಾದವರು ಎದ್ದು ಹೋಗಿ ಹಾಕಿಕೊಳ್ಳಲಿ ಅಂತ. ಎದ್ದು ಹೋಗುವ ಸೋಮಾರಿತನಕ್ಕೇ ಅರ್ಧ ಅನ್ನ ಉಳಿಯುತ್ತದೆ. ಸಂಜೆ ನಾನು, ಅತ್ತೆ, ಗಾಡಿಯಲ್ಲಿ ಸುರಭಿ, ಮೂವರೂ ಒಂದು ಸುತ್ತು ಹೋಗುತ್ತೇವೆ. ಫುಟ್‌ಪಾತಿನ ತುಂಬ ಕಾರು ನಿಲ್ಲಿಸಿರುತ್ತಾರೆ, ಇಳಿದು ಹತ್ತಿ ಇಳಿದು ಹತ್ತಿ ಅದೇ ಒಂದು ವ್ಯಾಯಾಮ.

ಈಗ ನಿನ್ನ ಮಾತು. ನಿಮ್ಮ ತಾಯಿಗೆ ಸಕ್ಕರೆ ಇದೆಯಾ ಎಂದು ಡಾಕ್ಟರಮ್ಮ ಕೇಳಿದಾಗ, ಇಲ್ಲ, ಪ್ರತಿ ವರ್ಷ ಆರೋಗ್ಯ ಕ್ಯಾಂಪಿನಲ್ಲಿ ನಾರ್ಮಲ್ ಬರುತ್ತೆ ಅಂದೆ. “ಕ್ಯಾಂಪಿಗೆ ಮುಂಚೆ ಏನ್ ತಿಂತಾರೆ?” ಅಂದರು. ಕ್ಯಾಂಪು ಹತ್ತಿರವಾದಾಗ ನೀನು ದಿನಾ ಕುಡಿಯುತ್ತಿದ್ದ ನೆನೆಸಿದ ಮೆಂತ್ಯದ ಲೋಟ ನೆನಪಾಯಿತು. “ಊರಿಗೆಲ್ಲ ಪೌಷ್ಟಿಕ ಆಹಾರ ಅಂತ ಭಾಷಣ ಮಾಡೋ ಅಂಗನವಾಡಿ ಟೀಚರ್‌ಗೇ ಸಕ್ಕರೆ ಅಂದ್ರೆ ಮರ್ಯಾದೆ ಏನಾಗ್ಬೇಕು” ಎಂದು ನೀನು ಒಂದು ವಾರ ಅನ್ನ ಬಿಡುತ್ತಿದ್ದೆಯಲ್ಲ. ರಿಟೈರಾದ ಮೇಲೂ ಬಿಟ್ಟಿಲ್ಲ ಎಂದು ಅತ್ತಿಗೆ ಹೇಳಿದಳು. ಪಾದ ಜುಮ್ಮೆನ್ನುತ್ತೆ ಎಂದು ನೀನೇ ಹೇಳಿದ್ದೀಯ. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತಿದೆ. ನನಗೆ ಭಯವಾಗುತ್ತದೆ ಅಮ್ಮ. ಇದೇ ವಾರ ಅಣ್ಣನ ಜೊತೆ ಹೋಗಿ ಆ ಮೂರು ತಿಂಗಳ ಪರೀಕ್ಷೆ ಮಾಡಿಸು. ಏನೂ ತಯಾರಿ ಬೇಡ. ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗು. ಏನೇ ಬರಲಿ, ಯಾರಿಗೂ ಹೇಳಬೇಡ, ನನಗೊಬ್ಬಳಿಗೆ ಹೇಳು.

ಸುರಭಿ ಮಗ್ಗುಲು ಬದಲಿಸುತ್ತಿದ್ದಾಳೆ, ಇನ್ನೇನು ಏಳುತ್ತಾಳೆ. ಅಣ್ಣ ಅತ್ತಿಗೆಗೆ ನನ್ನ ನೆನಪು ಹೇಳು. ಮೊಮ್ಮಗಳ ತಲೆಯ ಮೇಲೆ ಅಲ್ಲಿಂದಲೇ ಒಂದು ಸಲ ಕೈ ಇಡು, ನನ್ನ ತಲೆಯ ಮೇಲೂ. ನೀನು ಗಟ್ಟಿಯಾಗಿದ್ದರೆ ನಾನು ಗಟ್ಟಿ.

ಇಂತಿ ನಿನ್ನ ಮಗಳು,
ಅಂಜನಾ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಹೇಳಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ. ಸುರಭಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟ ದಿನ, ವಾರ್ಡಿನ ಬಾಗಿಲ ಹೊರಗೆ ನಿಂತು ನೀನು ಚಿಕ್ಕಮ್ಮನಿಗೆ, “ಇವ್ಳು ಬಾಯಿ ಕಟ್ಲಿಲ್ಲ, ಕೂಸು ಅನುಭವಿಸ್ತಿದೆ” ಅಂದೆ. ನನಗೆ ನಿದ್ದೆ ಬಂದಿದೆ ಎಂದು ನೀನು ಅಂದುಕೊಂಡಿದ್ದೆ. ನನಗೆ ಎಚ್ಚರವಿತ್ತು. ಆಮೇಲೆ ತಿಂಗಳುಗಟ್ಟಲೆ ನನಗೆ ಎಣ್ಣೆ ಹಚ್ಚಿ ನೀರು ಹಾಕಿದೆ, ರಾತ್ರಿಯೆಲ್ಲ ಕೂಸನ್ನು ಎತ್ತಿಕೊಂಡು ತಿರುಗಿದೆ, ಅದನ್ನು ಮರೆತಿಲ್ಲ. ಆ ಮಾತನ್ನೂ ಮರೆಯಲು ಆಗಿಲ್ಲ. ಆ ಒಂಬತ್ತು ತಿಂಗಳಲ್ಲಿ ನಾನು ಸೀಮಂತದ ದಿನ ಬಿಟ್ಟು ಸಿಹಿ ಮುಟ್ಟಲಿಲ್ಲ. ಆ ದಿನವೂ ಬೇಡವೆಂದರೆ “ಒಂದು ಚೂರು ತಿನ್ನೇ, ಬಂದೋರು ಬೇಜಾರು ಮಾಡ್ಕೊಳ್ತಾರೆ” ಅಂದವಳು ನೀನೇ. ಜಗಳಕ್ಕೆ ಹೇಳುತ್ತಿಲ್ಲ. ಸುರಭಿ ನನ್ನ ತಟ್ಟೆಗೆ ಕೈ ಚಾಚಿದಾಗಲೆಲ್ಲ ನನಗೆ ಆ ಬಾಗಿಲ ಹೊರಗಿನ ಮಾತೇ ಕೇಳಿಸುತ್ತದೆ, ತಟ್ಟೆ ಎತ್ತಿಬಿಡುತ್ತೇನೆ. ನಾನು ತಿಂದದ್ದರಿಂದಲ್ಲ ಎಂದು ಡಾಕ್ಟರಮ್ಮ ಎಷ್ಟು ಸಲ ಹೇಳಿದರೂ ನಂಬಲು ಆಗುತ್ತಿಲ್ಲ. ಊರಿನ ಮಕ್ಕಳನ್ನೆಲ್ಲ ತೂಕ ಹಾಕಿ, ಯಾವ ತಾಯಿ ಏನು ತಪ್ಪು ಮಾಡಿದಳು ಎಂದು ಹೇಳುತ್ತಿದ್ದ ಟೀಚರ ಮಗಳು ನಾನು. ನೀನು ಹೇಳಿದ್ದು ಸುಳ್ಳಾಗಬಹುದು ಎಂದು ಯಾರೂ ನನಗೆ ಕಲಿಸಲಿಲ್ಲ. “ಅಲ್ಲ, ನಿನ್ನಿಂದ ಆದದ್ದಲ್ಲ” ಎಂದು ನೀನೇ ಹೇಳಿದರೆ ನಂಬುತ್ತೇನೆ. ಫೋನ್ ಮಾಡಬೇಡ, ಇಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಒಂದು ಸಾಲು ಬರೆದು ಕಳಿಸು.