ಎರಡು ಅಚ್ಚು ಬೆಲ್ಲ ಜಾಸ್ತಿ

ರೀ, ಎದ್ರಾ?

ನಾನು ಬೆಲ್ಲ ತರೋಕೆ ಯಶವಂತಪುರ ಯಾರ್ಡ್‌ಗೆ ಹೋಗಿದ್ದೀನಿ. ನಾಳೆ ತುಲಾಭಾರ, ನೆನಪಿದೆ ತಾನೆ? ನಿಮ್ಮ ಶುಗರ್ ಇಳಿದ್ರೆ ನಿಮ್ಮ ತೂಕದಷ್ಟು ಬೆಲ್ಲ ಕೊಡ್ತೀನಿ ಅಂತ ಆಂಜನೇಯನಿಗೆ ಹರಕೆ ಹೊತ್ತಾಗ ನೀವು ನೂರಾ ಹದಿನೆಂಟು ಕೆಜಿ. ಈಗ ಎಪ್ಪತ್ತು. ಪಾಪ, ದೇವ್ರಿಗೇ ಲಾಸು.

ಹೊಸ ಪ್ಯಾಂಟಿಗೆ ಈ ತಿಂಗಳು ಕಾಸಿಲ್ಲ. ಹಳೇದೊಂದನ್ನ ಟೈಲರ್ ಹತ್ರ ಸೊಂಟ ಹಿಡಿಸಿ ಬಾಗಿಲ ಹಿಂದೆ ನೇತಾಕಿದ್ದೀನಿ. ಇನ್ನೆರಡು ಹಳೇ ಪ್ಯಾಂಟು ಚೀಲ ಆದವು. ಬೆಲ್ಲ ಅದರಲ್ಲೇ ಬರುತ್ತೆ, ಯಾರಿಗೂ ಹೇಳ್ಬೇಡಿ.

ಪಕ್ಕದ್ಮನೆ ಮುನಿವೆಂಕಟಮ್ಮ ಬಂದು "ಯಾಕಪ್ಪಾ ಇಂಗ್ ಇಳ್ದೋಗಿದ್ದೀಯ, ಏನ್ ಕಾಯ್ಲೆ?" ಅಂದ್ರೆ ಮತ್ತೆ ಮುಸುಕು ಹಾಕ್ಕೊಂಡು ಮಲಗ್ಬೇಡಿ. "ಒಂದು ವರ್ಷ ನಮ್ಮ ವೇದಾ ಮಾಡಿದ ಸೊಪ್ಪಿನ ಪಲ್ಯ ತಿಂದು ನೋಡಿ" ಅನ್ನಿ. ಅವ್ರೇ ಓಡಿ ಹೋಗ್ತಾರೆ.

ಹೊಟ್ಟೆ ಹೋಯ್ತು, ಸರಿ. ಜೊತೇಲಿ ನಗು ಯಾಕ್ರೀ ಹೋಯ್ತು? ತೂಕ ಇಳಿದಾಗ ಮನಸ್ಸೂ ಹಿಂಗೆ ಕುಗ್ಗೋದುಂಟು, ಕರ್ಕೊಂಡ್ ಬನ್ನಿ ಅಂತ ಡಾಕ್ಟ್ರು ಹೇಳಿದ್ದಾರೆ. ಸೋಮವಾರ ಸರ್ಕಾರಿ ಆಸ್ಪತ್ರೆಗೆ ಹೋಗೋಣ. ನಿಮಗೆ ಮಾತಾಡೋಕೆ ಬೇಜಾರಾದ್ರೆ ನಾನು ಮಾತಾಡ್ತೀನಿ. ನನ್ನ ಬಾಯಿಗೇನು ಬರ ಬಂದಿಲ್ಲ.

ಆಟೋ ಸದ್ದು ಕೇಳಿದ ತಕ್ಷಣ ಗೇಟಿಗೆ ಬನ್ನಿ, ಚೀಲ ಇಳಿಸ್ಬೇಕು. ಪ್ಯಾಂಟ್ ಹಾಕ್ಕೊಂಡು ಬನ್ನಿ.

ಮುದ್ದೆ ಡಬ್ಬೀಲಿದೆ, ಬಸ್ಸಾರು ಒಲೆ ಮೇಲಿದೆ. ನಿನ್ನೆ ಥರ ಮುಟ್ಟದೇ ಬಿಡ್ಬೇಡಿ. ಉಪವಾಸ ಬಿದ್ದು ನನಗೆ ಬೆಲ್ಲ ಉಳಿಸೋದೇನೂ ಬೇಡ. ಆ ತಕ್ಕಡೀಲಿ ಭಾರವಾಗೇ ಕೂತ್ಕೊಳ್ಳಿ. ನೀವು ಉಂಡಿರ್ತೀರಾ ಅಂತ ನಂಬಿ, ಎರಡು ಅಚ್ಚು ಜಾಸ್ತಿನೇ ತರ್ತಿದ್ದೀನಿ.

ವೇದಾ