ಅಪ್ಪ ತಪ್ಪು ಅಂದ ಉತ್ತರ

ಬ್ಯಾಸಮ್ ಕ್ರೀಕ್, ಕೆಂಟಕಿ
ನವೆಂಬರ್ 4

ಪ್ರೀತಿಯ ಅಮ್ಮ,

ಹೇಗಿದ್ದೀಯ? ಅರಿಜೋನಾದ ಬಿಸಿಲಿಗೆ ಮೊಣಕಾಲು ನೋವು ಸ್ವಲ್ಪವಾದರೂ ತಗ್ಗಿತಾ? ನೀಟಾ ಚಿಕ್ಕಮ್ಮನಿಗೆ ಕೇಳಿದೆ ಅಂತ ಹೇಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯಲೇಬೇಕು ಅಂದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಫೋನಿನಲ್ಲಿ ಹೇಳೋಣವೆಂದರೆ ಅಪ್ಪನ ಹೆಸರು ಬಂದ ಕೂಡಲೇ ನೀನು ಇಟ್ಟುಬಿಡುತ್ತೀಯ.

ನಾಡಿದ್ದು ಲೆಕ್ಸಿಂಗ್ಟನ್ನಿನಲ್ಲಿ ನನ್ನ ಪರೀಕ್ಷೆ. ದೊಡ್ಡ ಪರೀಕ್ಷೆ ಅಲ್ಲ, ಇದು ವಕೀಲರ ನಡತೆಯದು. ಕಾನೂನು ಎಷ್ಟೇ ಅರೆದು ಕುಡಿದಿರಲಿ, ಇದನ್ನು ಪಾಸು ಮಾಡದೆ ಸನ್ನದು ಕೊಡುವುದಿಲ್ಲ. ಕಾಲೇಜಿನಲ್ಲಿ ಎಲ್ಲರೂ "ಅದೇನ್ ಮಹಾ, ಒಂದು ವಾರ ಓದಿದ್ರೆ ಸಾಕು" ಅಂದಿದ್ದರು. ನಾನು ಬೇಸಿಗೆಯಿಂದ ಓದುತ್ತಿದ್ದೇನೆ. ಆದರೂ ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದೇನೆ ಅಮ್ಮ. ಓದಿದ್ದು ಸಾಲದು ಅಂತಲ್ಲ. ಪಾಸಾಗಿಬಿಟ್ಟರೆ ಏನು ಗತಿ ಎಂಬ ಭಯ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿನ್ನೆ ಒಲೆಯ ಮೇಲೆ ಬೀನ್ಸ್ ಇಟ್ಟು ಮರೆತು ನಿನ್ನ ಆ ಹಳೆಯ ಕಬ್ಬಿಣದ ಪಾತ್ರೆಯನ್ನು ಕರಕಲು ಮಾಡಿದೆ. ಉಜ್ಜಿ ಉಜ್ಜಿ ಕೈ ಸೋತು ಹೋಯಿತು.

ಮೇ ತಿಂಗಳಿಂದ ಅಪ್ಪನ ವಕೀಲಿ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದೇನೆ, ಅದು ನಿನಗೆ ಗೊತ್ತು. ಬಾಗಿಲ ಬಳಿಯ ಗುಮಾಸ್ತೆಯ ಮೇಜಿನಲ್ಲಿ ಇನ್ನೂ ಇಮೋಜೀನಳೇ ಇದ್ದಾಳೆ, ನಾಲಿಗೆಯೂ ಅದೇ. ನಾನು ಓದುವುದನ್ನು ನೋಡಿದಾಗೆಲ್ಲ, "ಏನ್ ತಾಯಿ, ಒಳ್ಳೆಯವಳಾಗೋಕೂ ಪರೀಕ್ಷೆ ಬಂತಾ? ನಮ್ ಕಾಲದಲ್ಲಿ ಭಾನುವಾರ ಚರ್ಚಿಗೆ ಹೋದ್ರೆ ಸಾಕಾಗ್ತಿತ್ತು" ಅನ್ನುತ್ತಾಳೆ. "ಹಾಗಾದ್ರೆ ಅಪ್ಪ ಫೇಲೇ ಬಿಡು" ಅಂದೆ ಒಮ್ಮೆ. ತಮಾಷೆಗೆ ಅಂದಿದ್ದು. ಅವಳು ನಗಲಿಲ್ಲ. ಅಪ್ಪ ಚರ್ಚು ಬಿಟ್ಟಿದ್ದು ಈ ಊರಿನಲ್ಲಿ ಇನ್ನೂ ತಮಾಷೆಯ ಮಾತಾಗಿಲ್ಲ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಪ್ಪನೇ ನನ್ನಿಂದ ಪಾಠ ಒಪ್ಪಿಸಿಕೊಳ್ಳುವುದು. ಪ್ರಶ್ನೆಗಳ ಕಾರ್ಡುಗಳ ಒಂದು ಡಬ್ಬಿ ಕೊಂಡುತಂದಿದ್ದೇನೆ. ಅಪ್ಪ ಬಿಸಿ ಬನ್ನಿನ ಮೇಲೆ ಗ್ರೇವಿ ಸುರಿದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದೊಂದೇ ಓದುತ್ತಾನೆ. ವಿಡಿಯೊದಲ್ಲಿ ಪಾಠ ಹೇಳುವ ಮೇಷ್ಟ್ರ ಕಿವಿಮಾತು ಕೇಳಿದರೆ ನಿನಗೆ ನಗು ಬರುತ್ತದೆ: ಎಲ್ಲಕ್ಕಿಂತ ಸಾಧುವಾದ ಉತ್ತರವನ್ನು ಗುರುತು ಮಾಡಬೇಡಿ, ಅದು ದೇವರಿಗೆ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿರುವುದು ವಕೀಲರಿಗೆ. ಇದನ್ನು ಹೇಳಿದಾಗ ಅಪ್ಪ ಕೆಮ್ಮು ಬರುವಷ್ಟು ನಕ್ಕ. ಅವನು ಹಾಗೆ ನಕ್ಕಿದ್ದು ನೋಡಿ ಎಷ್ಟು ಕಾಲವಾಗಿತ್ತೋ.

ಹೋದ ಗುರುವಾರ ಅಪ್ಪ ಒಂದು ಕಾರ್ಡನ್ನು ಓದದೆ ಕಟ್ಟಿನ ಅಡಿಗೆ ತಳ್ಳಿದ. ನಾನು ಬಿಡುತ್ತೇನಾ? ಎಳೆದು ತೆಗೆದು ಓದಿದೆ. ಒಬ್ಬ ಮನುಷ್ಯ ವಕೀಲನ ಬಳಿ ಬಂದು, ನಾನು ಗಾಡಿಯಲ್ಲಿ ಒಬ್ಬನಿಗೆ ಗುದ್ದಿ ನಿಲ್ಲಿಸದೆ ಹೋದೆ, ಅವನು ಸತ್ತ, ಎನ್ನುತ್ತಾನೆ. ವಕೀಲ ಆ ಕೇಸು ಹಿಡಿಯುವುದಿಲ್ಲ. ಈಗ ಅವನು ಷೆರೀಫನಿಗೆ ತಿಳಿಸಬಹುದೇ?

ಗ್ಯಾರೆಟ್‌ನ ಹೆಸರು ಬರೆಯುತ್ತಿದ್ದೇನೆ ಅಮ್ಮ, ತಡೆದುಕೋ. ಹನ್ನೆರಡು ವರ್ಷದ ಹಿಂದೆ ಸೇತುವೆಯ ಹತ್ತಿರ ನಿನ್ನ ಮಗನಿಗೆ, ನನ್ನ ಒಡಹುಟ್ಟಿದವನಿಗೆ, ಯಾರೋ ಗುದ್ದಿ ಕೊಂದು ಹೋದ ಹಾಗೆಯೇ ಇತ್ತು ಆ ಕಾರ್ಡು. ಅಪ್ಪ ಅದನ್ನು ಮುಚ್ಚಿಟ್ಟಿದ್ದು ನನ್ನ ಮೇಲಿನ ಕರುಣೆಯಿಂದ ಅಂದುಕೊಂಡೆ.

"ತಿಳಿಸಬಹುದು," ಅಂದೆ.

"ತಪ್ಪು."

"ಹೇಗೆ ತಪ್ಪಾಗುತ್ತಪ್ಪಾ? ಕೇಸೇ ಹಿಡಿದಿಲ್ಲ. ಒಂದು ಡಾಲರ್ ಇಸ್ಕೊಂಡಿಲ್ಲ. ಅವನು ಇವನ ಕಕ್ಷಿದಾರನೇ ಅಲ್ಲ!"

"ಸಲಹೆ ಕೇಳೋಕೆ ಬಂದ. ಬಾಗಿಲು ಮುಚ್ಚಿ ಮಾತಾಡಿದ. ಅಷ್ಟೇ ಸಾಕು. ಬಾಯಿ ಬಿಡಂಗಿಲ್ಲ."

"ಮತ್ತೆ ಸತ್ತವನ ಮನೆಯವರು? ಅವರೇನು ಮಣ್ಣು ತಿನ್ಬೇಕಾ?"

"ಅವರ ವಿಷಯ ಆ ಕಾರ್ಡಲ್ಲಿಲ್ಲ."

ಮೈಯೆಲ್ಲ ಉರಿದುಹೋಯಿತು. "ಸತ್ತವನು ಆ ವಕೀಲನ ಸ್ವಂತ ಮಗನೇ ಆಗಿದ್ರೆ?" ಅಂದುಬಿಟ್ಟೆ.

ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಆಗ್ಲೂ ಅಷ್ಟೇ. ಯಾರ ಮಗ ಅಂತ ನಿಯಮ ಕೇಳಲ್ಲ, ಡೆಲ್ಲಾ," ಅಂದ. ಎದ್ದು ಜಗಲಿಗೆ ಹೋದ. ಆ ಚಳಿಯಲ್ಲಿ ಕೋಟೂ ಇಲ್ಲದೆ ನಿಂತೇ ಇದ್ದ. ನಾನು ಕೋಟು ಕೊಡಲು ಹೋದೆ. ನನ್ನ ಕಡೆ ತಿರುಗಲಿಲ್ಲ.

ಅವತ್ತಿನಿಂದ ನನಗೆ ಒಂದು ಪುಟವೂ ತಲೆಗೆ ಹೋಗುತ್ತಿಲ್ಲ. ಇಂಥ ನಿಯಮಕ್ಕೆ ಸಹಿ ಹಾಕಿ ನಾನು ಬದುಕಬಲ್ಲೆನೇ ಅಂತ ನನ್ನನ್ನೇ ಕೇಳಿಕೊಳ್ಳುತ್ತೇನೆ. ಒಂದು ಗಳಿಗೆ ಹೌದು ಅನ್ನಿಸುತ್ತದೆ, ಮರುಗಳಿಗೆ ಎಲ್ಲ ಕಾರ್ಡುಗಳನ್ನೂ ತೊರೆಗೆ ಎಸೆಯೋಣ ಅನ್ನಿಸುತ್ತದೆ. ನೀನು ಇಲ್ಲಿದ್ದಿದ್ದರೆ ತಲೆಗೊಂದು ಮೊಟಕಿ ಮಲಗಿಸುತ್ತಿದ್ದೆ.

ನನಗಾಗಿ ಪ್ರಾರ್ಥನೆ ಮಾಡು. ನಿನ್ನ ಮೇಲೂ ದೇವರ ಕೈಯಿರಲಿ. ಮಾತ್ರೆ ತಪ್ಪಿಸಬೇಡ.

ನಿನ್ನ ಪ್ರೀತಿಯ
ಡೆಲ್ಲಾ

ಅಮ್ಮ, ಲಕೋಟೆ ಅಂಟಿಸಿದ್ದೆ, ಈಗ ಮತ್ತೆ ಕಿತ್ತೆ. ಮುಖ್ಯವಾದ ಮಾತನ್ನೇ ಬಿಟ್ಟು ಉಳಿದದ್ದೆಲ್ಲ ಬರೆದಿದ್ದೇನೆ.

ಆ ನಿಯಮಕ್ಕೊಂದು ಸಂದಿ ಇದೆ. ಬಂದವನು ಸಲಹೆಗಾಗಿ ಬಾರದೆ, ವಕೀಲನ ಬಾಯಿ ಕಟ್ಟಲೆಂದೇ ಬಂದಿದ್ದರೆ ಅವನಿಗೆ ರಕ್ಷಣೆ ಇಲ್ಲ. ಅದನ್ನು ಪುಸ್ತಕದಲ್ಲಿ ಹುಡುಕಿ, ಗೆದ್ದೆ ಅಂತ ಅಪ್ಪನ ಮುಂದೆ ಹಿಡಿದೆ. ಅಪ್ಪ ಪುಸ್ತಕದತ್ತ ನೋಡಲೇ ಇಲ್ಲ. "ಆ ಸಾಲು ನಂಗೆ ಬಾಯಿಪಾಠ ಬರುತ್ತಮ್ಮಾ," ಅಂದ. "ಅದು ಉಪಯೋಗಕ್ಕೆ ಬರಲ್ಲ. ಕೆಲವರು ನಿಜವಾಗ್ಲೂ ಅಳ್ತಾ ಬರ್ತಾರೆ."

ಅಷ್ಟೇ ಅಂದಿದ್ದು. ಹೆಸರು ಹೇಳಲಿಲ್ಲ, ಹೇಳುವುದೂ ಇಲ್ಲ. ಆದರೆ ನನಗೆ ಎಲ್ಲ ಗೊತ್ತಾಗಿಹೋಯಿತು: ಗ್ಯಾರೆಟ್‌ಗೆ ಗುದ್ದಿದವನು ಅಪ್ಪನ ಬಳಿಗೇ ಬಂದಿದ್ದ. ಆ ಚಳಿಗಾಲವೆಲ್ಲ ಒಂದೊಂದು ಪೆಟ್ರೋಲ್ ಬಂಕಿಗೂ ಹೋಗಿ ಗ್ಯಾರೆಟ್‌ನ ಫೋಟೊ ಅಂಟಿಸಿದವನು ಅಪ್ಪನೇ ಅಲ್ಲವಾ? ವಸಂತ ಬರುವ ಹೊತ್ತಿಗೆ ಒಮ್ಮೆಲೇ ನಿಲ್ಲಿಸಿಬಿಟ್ಟ. ಷೆರೀಫನಿಗೆ ಫೋನ್ ಮಾಡುವುದು ಬಿಟ್ಟ. ಚರ್ಚೂ ಬಿಟ್ಟ. ಮೊನ್ನೆ ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಕೈಯಿಂದ ಕೈಗೆ ದಾಟುತ್ತಿದ್ದಾಗ ನಾನು ಒಬ್ಬೊಬ್ಬ ಗಂಡಸಿನ ಕೈಯನ್ನೂ ನೋಡುತ್ತ ಕೂತಿದ್ದೆ. ಪಾಪ, ಅವರೆಲ್ಲ ನನ್ನನ್ನು ನೋಡಿ ಮುಗುಳ್ನಕ್ಕರು.

ಅಪ್ಪನ ಆಫೀಸಿನಲ್ಲಿ ಕೆಲಸ ಮಾಡುವ ನನಗೂ ಈ ನಿಯಮ ಅನ್ವಯಿಸುತ್ತದೆ. ಇದನ್ನು ಅಂಚೆಗೆ ಹಾಕಿದರೆ ಪರೀಕ್ಷೆಗೆ ಮೊದಲೇ ನಾನು ಫೇಲು. ಆದರೂ ಹಾಕುತ್ತೇನೆ. ನಾಡಿದ್ದು ಪರೀಕ್ಷೆಗೂ ಹೋಗುತ್ತೇನೆ, ಅಪ್ಪ ಸರಿ ಅಂದ ಉತ್ತರವನ್ನೇ ಗುರುತು ಮಾಡುತ್ತೇನೆ. ನನಗೆ ನಾಚಿಕೆಯಾಗುತ್ತಿದೆ, ಆದರೆ ನಿನಗೆ ಹೇಳದೆ ಇರಲಾರೆ. ಯಾರು ಅಂತ ಮಾತ್ರ ಅಪ್ಪನನ್ನು ಯಾವತ್ತೂ ಕೇಳಬೇಡ.

ನೀನು ಹೊರಟ ದಿನ ಕಾರಿನ ಬಾಗಿಲು ಹಿಡಿದುಕೊಂಡು ಅಪ್ಪನಿಗೆ, "ಹುಡುಕೋದನ್ನೇ ಬಿಟ್ಟೆಯಲ್ಲ, ನೀನೂ ಒಬ್ಬ ಅಪ್ಪನಾ?" ಅಂದೆ. ಅಪ್ಪ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡು, ನಿನ್ನ ಸೂಟ್‌ಕೇಸು ಎತ್ತಿ ಡಿಕ್ಕಿಯಲ್ಲಿಟ್ಟ. ಅವನಿಗೆ ಹೇಳೋಕೆ ಏನೂ ಇಲ್ಲ ಅಂತ ನಾವಿಬ್ಬರೂ ಅಂದುಕೊಂಡೆವು.