ಐವತ್ತನೆಯ ಹೆಜ್ಜೆ

ಮಾರ್ಚ್ 3, ಬೆಳಗ್ಗೆ 9
ಮತ್ತೆ ನಲವತ್ತೇಳೇ ಹೆಜ್ಜೆ. ಮತ್ತೆ ಕೋಣೆಯ ನಟ್ಟನಡುವೆ ಸಿಕ್ಕಿಬಿದ್ದೆ. ಇವಳು ಒಲೆ ಆರಿಸಿ ಬಂದು, ಕೈಹಿಡಿದು ಮಂಚಕ್ಕೆ ತಂದು ಕೂರಿಸಿದಳು.

"ತುಳಿದ ಕಡೆ ಇನ್ನೊಂದ್ಸಲ ತುಳಿದ್ರೆ ನಿಮ್ಮ ಗಂಟೇನು ಹೋಗತ್ತೆ ರೀ?"

"ಹಸಿ ಇದೆ ಕಣೇ."

"ಈ ಟೈಲ್ಸ್ ನೀವೇ ಹಾಕಿ ಹದಿನೈದು ವರ್ಷ ಆಯ್ತು. ಇನ್ನೂ ಹಸಿನಾ?"

ಅವಳಿಗೇನು ಗೊತ್ತು. ಮೂವತ್ತು ವರ್ಷ ಟೈಲ್ಸ್ ಹಾಕಿದ ಕಾಲು ಇದು. ಸ್ಟ್ರೋಕ್ ಆದ ಮಾತ್ರಕ್ಕೆ, ಈಗಷ್ಟೇ ಕೂರಿಸಿದ ಚೌಕ ತುಳಿಯಬಾರದೆಂಬ ಶಿಸ್ತು ಬಿಡಲೇ?

ಮಾರ್ಚ್ 4
ಫಿಸಿಯೋ ಮೇಡಂ ಬಂದಿದ್ದರು. ಎಡಗಾಲು ಇನ್ನೂ ಎಳೆಯುತ್ತಿದೆಯಂತೆ. ನೇರ, ಬಲಕ್ಕೆ, ಮತ್ತೆ ನೇರ, ಮತ್ತೆ ಬಲಕ್ಕೆ — ಇಷ್ಟೇ. ಎಡಕ್ಕೆ ತಿರುಗಿದರೆ ಬೀಳುತ್ತೇನೆ. ಕೋಲಿಲ್ಲದೆ, ಗೋಡೆ ಹಿಡಿಯದೆ ಐವತ್ತು ಹೆಜ್ಜೆ ಹಾಕಿದರೆ ಕೆಲಸಕ್ಕೆ ಹೋಗಲು ಪತ್ರ ಕೊಡುತ್ತಾರೆ. ಒಂದು ಚೌಕಕ್ಕೆ ಒಂದೇ ಹೆಜ್ಜೆ, ತುಳಿದದ್ದನ್ನು ಮತ್ತೆ ತುಳಿಯುವುದಿಲ್ಲ ಎಂದೆ. ನಕ್ಕರು.

"ಆಯ್ತು ಮೇಸ್ತ್ರಿಗಳೇ, ನಿಮ್ಮ ರೂಲ್ಸೇ ಇರಲಿ. ಶುಕ್ರವಾರ ನೋಡೋಣ."

ಕಂಟ್ರಾಕ್ಟರ್ ಫೋನ್. ದೊಡ್ಡ ಕೆಲಸ ಹಿಡಿದಿದ್ದಾನೆ, ನಾನು ನಿಂತು ಹೇಳಿದರೆ ಸಾಕಂತೆ. ಶನಿವಾರದವರೆಗೆ ಕಾಯುತ್ತಾನೆ. ಆಮೇಲೆ ಬೇರೆ ಮೇಸ್ತ್ರಿ...

ಮಾರ್ಚ್ 5
ಕೋಣೆಯನ್ನು ಕಾಗದದ ಮೇಲೆ ಬರೆದೆ. ಎಂಟಕ್ಕೆ ಎಂಟು, ಅರವತ್ತನಾಲ್ಕು ಚೌಕ. ಮಂಚ ಆರು ನುಂಗಿತು. ಬೀರು ಎರಡು, ಹೊಲಿಗೆ ಮೆಷಿನ್ ಒಂದು. ಮಂಚದ ಪಕ್ಕದಿಂದ ಹೊರಟು ಸುತ್ತುತ್ತಾ ಒಳಗೆ ಹೋದರೆ, ಎಷ್ಟು ತಿಣುಕಿದರೂ ನಲವತ್ತೇಳೇ. ರಬ್ಬರ್ ಸವೆಯಿತು.

ಮಾರ್ಚ್ 6, ಮಧ್ಯಾಹ್ನ
ನನ್ನ ಬುದ್ಧಿಗಿಷ್ಟು! ಕೆಲಸ ಕಲಿಯಲು ಬಂದವರಿಗೆಲ್ಲ ಬೈದದ್ದೇ ಇದಕ್ಕೆ — ಒಳಗೆ ಸಿಕ್ಕಿಹಾಕಿಕೊಳ್ಳಬೇಡಿ, ಒಳಗಿನಿಂದ ಬಾಗಿಲಿಗೆ ಬನ್ನಿ ಎಂದು. ನಡುವಿನಿಂದ ಹೊರಡಬೇಕು! ಸುತ್ತು ಹಿಗ್ಗುತ್ತಾ ಹೋಗುತ್ತದೆ, ತಿರುವೆಲ್ಲ ಬಲಕ್ಕೇ. ಎಣಿಸಿದೆ: ಐವತ್ತೆರಡು! ಇದಕ್ಕಿಂತ ಉದ್ದದ ದಾರಿ ಈ ಕೋಣೆಯಲ್ಲಿ ನನಗೆ ಕಾಣದು.

ಆದರೆ ಅದು ಮುಗಿಯುವುದು ಮಂಚದ ಬುಡದಲ್ಲಿ. ಇಷ್ಟು ನಡೆದು ಮತ್ತೆ ಅಲ್ಲಿಗೇ? ಕೊನೆಯ ತಿರುವು ಬಿಟ್ಟು ನೇರ ಹೋದರೆ ಬಾಗಿಲು. ನಲವತ್ತೊಂಬತ್ತು. ಐವತ್ತನೆಯದು ಹೊಸಿಲಿನ ಆಚೆ. ಹೊಸಿಲು ದಾಟಿ ಎರಡು ತಿಂಗಳಾಯಿತು. ಭಯ.

ಮಾರ್ಚ್ 7, ಶುಕ್ರವಾರ, 11 ಗಂಟೆ
ನಡುವೆ ಕುರ್ಚಿ. ಎದ್ದೆ. ಇವಳು ಕುರ್ಚಿ ಎಳೆದುಕೊಂಡಳು. ನೇರ, ಬಲಕ್ಕೆ. ಮೂವತ್ತಾರಕ್ಕೆ ಎಡಗಾಲು ನಡುಗಿತು. ಮೇಡಂ ಕೈಚಾಚಿದರು, ಬೇಡವೆಂದೆ. ನಲವತ್ತೆಂಟು. ಇಲ್ಲಿ ತಿರುಗಿದರೆ ಮಂಚಕ್ಕೆ ನಾಲ್ಕೇ ಹೆಜ್ಜೆ, ಪತ್ರ ಕೈಯಲ್ಲಿ.

"ತಿರುಗಿ ರೀ, ಬಲಕ್ಕೆ ತಿರುಗಿ!"

ತಿರುಗಲಿಲ್ಲ. ನಲವತ್ತೊಂಬತ್ತು. ಹೊಸಿಲು. ಎಡಗಾಲನ್ನೇ ಎತ್ತಿದೆ, ಬೇಕೆಂದೇ.

ಐವತ್ತು! ಹೊರಗಿದ್ದೆ! ಮುಖದ ಮೇಲೆ ಬಿಸಿಲು. ಚಪ್ಪಾಳೆ ತಟ್ಟಿದ್ದು ಮೇಡಂ. ಇವಳು ಅಳುತ್ತಲೇ ಬೈದಳು: "ಆ ಮಂಚ ಕಂಡ್ರೆ ಅಷ್ಟೊಂದು ಸಿಟ್ಟಾ?"

ನಾನೂ ಅತ್ತೆ. ಖುಷಿಗೆ.

ಮಾರ್ಚ್ 10, ಸೋಮವಾರ, ಬೆಳಗ್ಗೆ 7
ಶರ್ಟ್ ಇಸ್ತ್ರಿಯಾಗಿದೆ. ಪತ್ರ ಜೇಬಿನಲ್ಲಿ. ಮಂಚವನ್ನು ಒಳಕೋಣೆಗೆ ಹಾಕಿಸು ಎಂದಿದ್ದೇನೆ. ಆರು ಚೌಕ ಬಿಡುಗಡೆ. ಹಾಗಾದರೆ ಅತಿ ಉದ್ದದ ದಾರಿ ಈಗ...

ವ್ಯಾನ್ ಹಾರ್ನ್. ಇವಳು ಬಾಗಿಲಲ್ಲಿ ನಿಂತು, ನಾನು ಏಳುವ ಮೊದಲೇ ಹೆಜ್ಜೆ ಎಣಿಸುತ್ತಿದ್ದಾಳೆ. ಒಂದು, ಎರ—